ಕೆರೆಯ ದಂಡೆಯ ಪಾಠಶಾಲೆ

ಪಾಠವೆಂಬುದು ಪುಸ್ತಕದಲ್ಲಿ ಮಾತ್ರ ಇರುತ್ತದೆಂದು ತಿಳಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇತಿಹಾಸವೆಂದರೆ ಇಸವಿಗಳ ಪಟ್ಟಿ, ನಿಸರ್ಗ ವಿಜ್ಞಾನವೆಂದರೆ ಬಾಯಿಪಾಠ ಮಾಡತಕ್ಕ ಹೆಸರುಗಳು ಎಂದು ಬಾಲಕರು ಭಾವಿಸುತ್ತಾರೆ. ಪರೀಕ್ಷೆ ಮುಗಿದೊಡನೆ ಅವೆರಡನ್ನೂ ಮರೆಯುತ್ತಾರೆ. ಆದರೆ ಇಸವಿಗಳು ಕಲ್ಲಾಗಿ ನಿಂತಿರುವ ಸ್ಥಳಗಳಿವೆ. ಪುಸ್ತಕದಲ್ಲಿನ ಹಕ್ಕಿಗಳು ರೆಕ್ಕೆ ಬಡಿಯುತ್ತಿರುವ ಸ್ಥಳಗಳಿವೆ. ಅಂತಹ ಸ್ಥಳಗಳಲ್ಲಿ ಕೆರೆಯ ದಂಡೆಯು ಮೊದಲನೆಯದು. ಏಕೆಂದರೆ ನೀರಿದ್ದಲ್ಲಿ ಜೀವಿಗಳು ಕೂಡುತ್ತವೆ, ಜನರು ನೆಲೆಸುತ್ತಾರೆ, ಗುಡಿ ಏಳುತ್ತದೆ, ಕೋಟೆ ಕಟ್ಟಲ್ಪಡುತ್ತದೆ. ನಿಸರ್ಗವೂ ಇತಿಹಾಸವೂ ಒಂದೇ ದಂಡೆಯ ಮೇಲೆ ಕೈಕೈ ಹಿಡಿದು ನಿಂತಿರುವುದನ್ನು ಅಲ್ಲಿ ಕಾಣಬಹುದು.

ನಮ್ಮ ಅಕ್ಕಲಕೋಟ, ಸೊಲ್ಲಾಪುರ ಸೀಮೆಯ ಮಕ್ಕಳಿಗೆ ಇಂತಹ ಪಾಠಶಾಲೆಯನ್ನು ಹುಡುಕಿಕೊಂಡು ದೂರ ಹೋಗಬೇಕಾದ ಪ್ರಮೇಯವಿಲ್ಲ. ತಾಯಿತಂದೆಗಳು ತಮ್ಮ ಮಕ್ಕಳೊಡನೆ ಒಂದು ದಿನದ ಸಹಲು ಹೊರಟು ನೋಡಿ ಬರಬಹುದಾದ ಕೆರೆಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಅವುಗಳಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು, ನೋಡಿದ ಮೇಲೆ ನಮ್ಮ ಕರ್ತವ್ಯವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬರಡು ಸೀಮೆಯಲ್ಲಿ ಕೆರೆಯ ಬೆಲೆ

ಮೊದಲು ನಾವು ನಿಂತಿರುವ ನೆಲವನ್ನು ತಿಳಿದುಕೊಳ್ಳೋಣ. ಸೊಲ್ಲಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು ೫೫೦ ಮಿಲಿಮೀಟರು ಮಾತ್ರ. ಅದೂ ಬಹುಪಾಲು ಜೂನದಿಂದ ಅಕ್ಟೋಬರದವರೆಗಿನ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ನಮ್ಮ ಎರೆಭೂಮಿಯ ಕೆಳಗಿರುವುದು ಕರಿಕಲ್ಲಿನ ಹಾಸು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿ ಹರಿದ ಶಿಲಾರಸವು ಪದರು ಪದರಾಗಿ ತಣಿದು ಈ ದಖ್ಖನದ ಕಲ್ಲಾಯಿತು. ಆ ಕಲ್ಲೇ ಸವೆದು ಕರಿಮಣ್ಣಾಯಿತು. ಈ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಗಟ್ಟಿ ಕಲ್ಲಿನ ಒಳಕ್ಕೆ ನೀರು ಸುಲಭವಾಗಿ ಇಳಿಯದು. ಸಡಿಲಾದ ಮೇಲ್ಪದರಿನಲ್ಲಿಯೂ ಬಿರುಕುಗಳಲ್ಲಿಯೂ ನಿಂತ ನೀರೇ ನಮ್ಮ ಬಾವಿಗಳಿಗೆ ಆಧಾರ.

ಹೀಗಿರುವಾಗ ಓಡುವ ನೀರನ್ನು ತಡೆದು ನಿಲ್ಲಿಸುವವನು ಈ ಸೀಮೆಗೆ ಅನ್ನದಾತನೇ ಸರಿ. ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕುತ್ತಾರೆ. ಅಲೆಗಳು ಅದನ್ನು ಕೊರೆಯದಂತೆ ಒಳಮೈಗೆ ಕಲ್ಲು ಹೊದಿಸುತ್ತಾರೆ. ಬೇಕಾದಾಗ ನೀರು ಬಿಡಲು ತೂಬು, ಹೆಚ್ಚಾದ ನೀರು ಒಡ್ಡನ್ನು ಮೀರಿ ಹರಿಯದೆ ಪಕ್ಕಕ್ಕೆ ಹೋಗಲು ಕೋಡಿ—ಈ ಮೂರೇ ಕೆರೆಯ ಅಂಗಗಳು. ಕೋಡಿಯಿಲ್ಲದ ಕೆರೆ ಮೊದಲ ದೊಡ್ಡ ಮಳೆಗೇ ಒಡೆದು ಹೋಗುತ್ತದೆ. ಕೆರೆಯ ನೀರು ನಿಂತಲ್ಲಿಯೇ ನಿಲ್ಲದೆ ನಿಧಾನವಾಗಿ ನೆಲದೊಳಗೆ ಇಂಗಿ, ಕೆಳಗಿನ ಬಾವಿಗಳಲ್ಲಿ ಸೆಲೆಯಾಗಿ ಏಳುತ್ತದೆ. ಆದ್ದರಿಂದ ಕೆರೆಯನ್ನು ಕಾಣದ ರೈತನೂ ಕೆರೆಯ ಋಣದಲ್ಲಿಯೇ ಇರುತ್ತಾನೆ.

ಕೆರೆಯನ್ನು ಕಟ್ಟಿದ ಶರಣ

ಸೊಲ್ಲಾಪುರದ ನಟ್ಟನಡುವೆ ಸಿದ್ಧೇಶ್ವರ ಕೆರೆಯಿದೆ. ನೀರಿನ ನಡುವೆ ಗುಡಿ. ಅಲ್ಲಿಗೆ ಹೋಗಲು ಕಟ್ಟಿದ ದಾರಿ. ಈ ಕೆರೆಯ ಕಥೆಯು ಕನ್ನಡ ಸಾಹಿತ್ಯದ ಕಥೆಯೂ ಆಗಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅಭಿಮಾನದಿಂದ ನೆನೆಯಬೇಕು. ಸೊಲ್ಲಾಪುರಕ್ಕೆ ಆಗ ಸೊನ್ನಲಿಗೆಯೆಂದು ಹೆಸರು. ಹನ್ನೆರಡನೆಯ ಶತಮಾನದಲ್ಲಿ ಮುದ್ದುಗೌಡ, ಸುಗ್ಗಲೆಯರ ಮಗನಾಗಿ ಸಿದ್ಧರಾಮನು ಇಲ್ಲಿ ಹುಟ್ಟಿದನು. ಶ್ರೀಶೈಲ ಮಲ್ಲಿಕಾರ್ಜುನನ ಭಕ್ತನಾದ ಅವನು ಜಪತಪಗಳಿಂದ ಮಾತ್ರ ತೃಪ್ತನಾಗಲಿಲ್ಲ. ಊರಿನಲ್ಲಿ ಲಿಂಗಗಳನ್ನು ಸ್ಥಾಪಿಸಿದನು. ಜನರನ್ನು ಕೂಡಿಸಿ ಕೆರೆಯನ್ನು ತೋಡಿಸಿದನು. ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಅವನು ರಚಿಸಿದ ವಚನಗಳು ಸಾವಿರಕ್ಕೂ ಮಿಕ್ಕಿ ಇಂದಿಗೂ ದೊರೆಯುತ್ತವೆ. ಅವನ ಚರಿತ್ರೆಯನ್ನು ಹದಿಮೂರನೆಯ ಶತಮಾನದ ಕವಿ ರಾಘವಾಂಕನು ಷಟ್ಪದಿಯಲ್ಲಿ ‘ಸಿದ್ಧರಾಮ ಚಾರಿತ್ರ’ವೆಂಬ ಕಾವ್ಯವಾಗಿ ಬರೆದನು.

ಶರಣ ಪರಂಪರೆಯಲ್ಲಿ ಹೇಳಿಬರುವ ಪ್ರಸಂಗವೊಂದಿದೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಸಿದ್ಧರಾಮನು ಕೆರೆಯ ಕೆಲಸದಲ್ಲಿ ಮುಳುಗಿದ್ದನಂತೆ. ಪ್ರಭುಗಳು ಅವನನ್ನು ‘ಒಡ್ಡರಾಮ’ನೆಂದು ಕರೆದು ಹಾಸ್ಯ ಮಾಡಿದರು. ಕಲ್ಲುಮಣ್ಣಿನ ಕೆಲಸವೊಂದೇ ಸಾಲದು, ಅಂತರಂಗದ ಕೆರೆಯನ್ನೂ ತೋಡಬೇಕೆಂಬುದು ಅವರ ಅಭಿಪ್ರಾಯ. ಆ ಬಳಿಕ ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನಿಂದ ದೀಕ್ಷೆ ಪಡೆದು, ಮುಂದೆ ಶೂನ್ಯಸಿಂಹಾಸನವನ್ನೇರಿದನೆಂದು ಪ್ರತೀತಿ. ಈ ಪ್ರಸಂಗದಿಂದ ಕೆರೆಯ ಕೆಲಸ ಕೀಳೆಂದು ಯಾರೂ ತಿಳಿಯಬಾರದು. ಪ್ರಭುಗಳ ಮಾತಿನ ನಂತರವೂ ಕೆರೆ ಉಳಿಯಿತು; ಕಾಯಕವೂ ಉಳಿಯಿತು. ಸಿದ್ಧರಾಮನ ಸಮಾಧಿಯೂ ಆ ಕೆರೆಯ ನಡುವಣ ಗುಡಿಯ ಆವರಣದಲ್ಲಿಯೇ ಇದೆ.

ಪ್ರತಿವರ್ಷ ಮಕರ ಸಂಕ್ರಮಣದ ಕಾಲಕ್ಕೆ ನಡೆಯುವ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಊರಿನ ೬೮ ಲಿಂಗಗಳ ಪ್ರದಕ್ಷಿಣೆ ಮಾಡುತ್ತವೆ. ಕುಂಬಾರ ಕನ್ಯೆಯೊಬ್ಬಳು ಸಿದ್ಧರಾಮನನ್ನು ವರಿಸಲು ಹಂಬಲಿಸಿದಳೆಂದೂ, ಆಗ ಅವನು ತನ್ನ ಯೋಗದಂಡದೊಡನೆ ಅವಳ ವಿವಾಹವಾಗಲೆಂದು ಒಪ್ಪಿದನೆಂದೂ ಕಥೆ. ಆ ವಿವಾಹದ ಅಕ್ಷತೆಯ ಸಮಾರಂಭವು ಕೆರೆಯ ದಂಡೆಯ ಸಮ್ಮತಿ ಕಟ್ಟೆಯ ಬಳಿ ನಡೆಯುತ್ತದೆ. ಜಾತ್ರೆಗೆ ಹೋಗುವ ಪಾಲಕರು ಮಕ್ಕಳಿಗೆ ಆಟಿಕೆ ಕೊಡಿಸಿ ಮರಳುವ ಬದಲು, ಈ ಕಥೆಯನ್ನು ಆ ಕಟ್ಟೆಯ ಎದುರಿಗೇ ನಿಂತು ಹೇಳಿದರೆ ಅದು ಜನ್ಮವಿಡೀ ನೆನಪಿನಲ್ಲಿ ಉಳಿಯುವುದು.

ನೀರನ್ನು ಕಾವಲಿಟ್ಟ ಕೋಟೆ

ಕೆರೆಗೆ ತಾಗಿಯೇ ಭುಯಿಕೋಟೆಯಿದೆ. ಗುಡ್ಡದ ಮೇಲಿನ ಕೋಟೆಗೆ ಗುಡ್ಡವೇ ರಕ್ಷಣೆ; ಬಯಲಿನ ಕೋಟೆಗೆ ನೀರೇ ರಕ್ಷಣೆ. ಈ ಕೋಟೆಗೆ ಎರಡು ಸುತ್ತಿನ ಗೋಡೆ, ಬುರುಜುಗಳು. ಮೂರು ಕಡೆ ಕಂದಕ, ಒಂದು ಕಡೆ ಕೆರೆ. ಕುಡಿಯಲು ತೋಡಿದ ನೀರನ್ನೇ ಮುಂದಿನವರು ಕಾವಲಿಗೆ ಬಳಸಿಕೊಂಡರೆಂಬುದು ಗಮನಿಸತಕ್ಕ ಸಂಗತಿ.

ಬಹಮನಿ ಅರಸರ ಕಾಲದಲ್ಲಿ ಹುಟ್ಟಿದ ಈ ಕೋಟೆಗಾಗಿ ಹದಿನಾರನೆಯ ಶತಮಾನದಲ್ಲಿ ವಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಮತ್ತೆ ಮತ್ತೆ ಕಲಹ ನಡೆಯಿತು. ಒಮ್ಮೆ ಕತ್ತಿಯಿಂದ ಗೆದ್ದುದು ಇನ್ನೊಮ್ಮೆ ಮದುವೆಯ ಬಳುವಳಿಯಾಗಿ ಕೈ ಬದಲಾಯಿಸಿತು: ನಿಜಾಮಶಾಹಿಯ ಕುವರಿ ಚಾಂದಬೀಬಿಯು ಆದಿಲಶಹನನ್ನು ವಿವಾಹವಾದಾಗ ಸೊಲ್ಲಾಪುರವು ಅವಳೊಡನೆ ವಿಜಾಪುರಕ್ಕೆ ಬಂದಿತು. ೧೬೮೫ರಲ್ಲಿ ಔರಂಗಜೇಬನು ಸೊಲ್ಲಾಪುರದಲ್ಲಿ ಬಿಡಾರ ಮಾಡಿ ವಿಜಾಪುರದ ಮುತ್ತಿಗೆಯನ್ನು ನಡೆಯಿಸಿದನು. ಮರುವರ್ಷ ವಿಜಾಪುರ ಬಿದ್ದಿತು. ೧೮೧೮ರ ಮೇ ತಿಂಗಳಿನಲ್ಲಿ ಇಂಗ್ಲಿಷರ ದಳಪತಿ ಮನ್ರೋ ಪೇಶವೆಯವರ ಸೈನ್ಯದಿಂದ ಈ ಕೋಟೆಯನ್ನು ಗೆದ್ದುಕೊಂಡನು. ಗೋಡೆಗಳಲ್ಲಿ ಅಲ್ಲಲ್ಲಿ ಹಳೆಯ ದೇವಾಲಯಗಳ ಕೆತ್ತನೆಯ ಕಲ್ಲುಗಳು ಕಾಣುತ್ತವೆ. ಒಂದು ಕಲ್ಲು ಎಷ್ಟು ರಾಜ್ಯಗಳನ್ನು ಕಂಡಿರಬಹುದೆಂದು ಬಾಲಕರು ಎಣಿಸಿ ನೋಡಲಿ.

ಸೊಲ್ಲಾಪುರದ ಇತಿಹಾಸವು ಅರಸರೊಂದಿಗೆ ಮುಗಿಯುವುದಿಲ್ಲ. ೧೯೩೦ರಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಊರು ಎದ್ದು ನಿಂತಿತು; ಸರಕಾರವು ಲಷ್ಕರಿ ಕಾಯದೆಯನ್ನು ಜಾರಿಗೊಳಿಸಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಎಂಬ ನಾಲ್ವರನ್ನು ೧೯೩೧ರ ಜನೇವರಿ ೧೨ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹೆಸರುಗಳನ್ನು ಮತ್ತೊಮ್ಮೆ ಓದಿರಿ: ನಾಲ್ಕು ಮನೆಗಳು, ಬೇರೆ ಬೇರೆ ಜಾತಿಮತಗಳು, ಮಾತುಗಳು, ಬಲಿದಾನ ಒಂದೇ. ಜಾತ್ರೆಗೆ ಹೋದವರು ಈ ಹುತಾತ್ಮರ ಪುತ್ಥಳಿಗಳಿರುವ ಚೌಕಕ್ಕೂ ಹೋಗಿ ಕೈಮುಗಿದು ಬರಬೇಕು. ಸಂಕ್ರಮಣದ ಸಡಗರಕ್ಕೂ ಆ ಪುಣ್ಯತಿಥಿಗೂ ಒಂದೆರಡು ದಿನಗಳ ಅಂತರ ಮಾತ್ರವಿದೆ.

ಹಿಪ್ಪರಗೆಯ ಅತಿಥಿಗಳು

ಊರಿನಿಂದ ತುಳಜಾಪುರದ ದಾರಿಯಲ್ಲಿ ಹೋದರೆ ಹಿಪ್ಪರಗೆಯ ದೊಡ್ಡ ಕೆರೆ ಸಿಗುತ್ತದೆ. ಇದಕ್ಕೆ ಏಕರೂಖ ಕೆರೆಯೆಂದೂ ಹೆಸರು. ಆದಿಲಾ ಹೊಳೆಗೆ ಮಣ್ಣಿನ ಒಡ್ಡು ಹಾಕಿ ೧೮೭೧ರ ಹೊತ್ತಿಗೆ ಇದನ್ನು ಕಟ್ಟಿದರು. ಹೊಲಗಳಿಗೆ ನೀರಾವರಿ, ಸೊಲ್ಲಾಪುರ ನಗರಕ್ಕೆ ಕುಡಿಯುವ ನೀರು—ಎರಡೂ ಇದರಿಂದ ದೊರೆತವು. ಸಿದ್ಧರಾಮನ ಕೆರೆಗೂ ಇದಕ್ಕೂ ಏಳುನೂರು ವರ್ಷಗಳ ಅಂತರವಿದೆ. ಆದರೂ ಒಡ್ಡು, ತೂಬು, ಕೋಡಿ ಎಂಬ ವಿದ್ಯೆ ಎರಡರಲ್ಲಿಯೂ ಒಂದೇ.

ಚಳಿಗಾಲದಲ್ಲಿ, ಅಂದರೆ ನವಂಬರದಿಂದ ಫೆಬ್ರುವರಿಯವರೆಗೆ, ಈ ಕೆರೆಯ ದಂಡೆ ನೋಡತಕ್ಕದ್ದು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇವು ನಮ್ಮವೇ, ವರ್ಷವಿಡೀ ಇರುತ್ತವೆ. ಇವುಗಳೊಡನೆ ದೂರದ ಅತಿಥಿಗಳೂ ಕೂಡಿಕೊಳ್ಳುತ್ತವೆ. ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತು ವಿಸ್ಮಯಕಾರಿಯಾದುದು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆ—ಇಷ್ಟರಿಂದ ಇದನ್ನು ಗುರುತಿಸಬಹುದು. ಟಿಬೇಟ, ಮಂಗೋಲಿಯಾ ಮುಂತಾದ ಎತ್ತರದ ನಾಡುಗಳ ಸರೋವರಗಳ ಬಳಿ ಮರಿಮಾಡುವ ಈ ಹಕ್ಕಿ, ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಹಿಮಾಲಯವನ್ನು ಹಾರಿ ದಾಟಿ ಬರುತ್ತದೆ. ಮನುಷ್ಯನಿಗೆ ಉಸಿರಾಡುವುದೇ ಕಷ್ಟವಾಗುವ ಎತ್ತರದಲ್ಲಿ ಅದು ರೆಕ್ಕೆ ಬಡಿಯುತ್ತಲೇ ಇರುತ್ತದೆ. ಅದರ ರಕ್ತಕ್ಕೆ ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹೀರಿಕೊಳ್ಳುವ ವಿಶೇಷ ಶಕ್ತಿಯಿದೆ. ಭೀಮೆಗೆ ಕಟ್ಟಿದ ಉಜನಿ ಜಲಾಶಯದಲ್ಲಿಯಾದರೆ ಉದ್ದ ಕಾಲಿನ ರಾಜಹಂಸಗಳು ಹಿಂಡು ಹಿಂಡಾಗಿ ಬಂದು, ಕೊಕ್ಕನ್ನು ಬುಡಮೇಲು ಮಾಡಿ ಕೆಸರುನೀರನ್ನು ಸೋಸಿ ತಿನ್ನುವುದನ್ನು ನೋಡಬಹುದು.

ನೀರಿನ ದಂಡೆಯಿಂದ ತುಸು ದೂರದ ಹುಲ್ಲುಗಾವಲೂ ಈ ಪಾಠದ ಭಾಗವೇ ಆಗಿದೆ. ಸೊಲ್ಲಾಪುರದ ಸಮೀಪದ ನಾನ್ನಜದಲ್ಲಿ ೧೯೭೯ರಲ್ಲಿ ಪಕ್ಷಿಧಾಮವೊಂದು ಸ್ಥಾಪನೆಯಾಯಿತು. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತವೆಂದು ಕರೆಯಲ್ಪಡುವ ಮಹಾಪಕ್ಷಿಯ ರಕ್ಷಣೆಗಾಗಿ ಅದು ಹುಟ್ಟಿತು. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳ ಸಾಲಿಗೆ ಸೇರಿದ ಈ ಪಕ್ಷಿ, ನೆಲದ ಮೇಲೆಯೇ ತತ್ತಿಯಿಡುತ್ತದೆ; ಅದೂ ಸಾಮಾನ್ಯವಾಗಿ ಒಂದೇ ತತ್ತಿ. ಬಯಲು ಹೊಲವಾಯಿತು, ಹುಲ್ಲು ಹೋಯಿತು, ಬೇಟೆ ನಡೆಯಿತು, ವಿದ್ಯುತ್ ತಂತಿಗಳು ಹಬ್ಬಿದವು. ಇಂದು ಭಾರತದಲ್ಲೆಲ್ಲ ಕೂಡಿ ಈ ಪಕ್ಷಿಗಳ ಸಂಖ್ಯೆ ಇನ್ನೂರಕ್ಕಿಂತಲೂ ಕಡಿಮೆ. ನಾನ್ನಜದಲ್ಲಿ ಅದರ ದರ್ಶನ ಬಹು ದುರ್ಲಭವಾಗಿದೆ. ಅಲ್ಲಿ ಚಿಗರಿಗಳ ಹಿಂಡು ಮಾತ್ರ ಈಗಲೂ ಜಿಗಿಯುತ್ತದೆ. ನಮ್ಮ ಅಜ್ಜಂದಿರು ಎತ್ತಿನ ಗಾಡಿಯಿಂದಲೇ ನೋಡುತ್ತಿದ್ದ ಹಕ್ಕಿಯನ್ನು ನಮ್ಮ ಮಕ್ಕಳು ಚಿತ್ರದಲ್ಲಿ ಮಾತ್ರ ನೋಡುವಂತಾಗುವುದು ಸಣ್ಣ ನಷ್ಟವಲ್ಲ.

ಒಬ್ಬ ಶಿಕ್ಷಕನು ಉಳಿಸಿದ ಕೆರೆ

ಇದಕ್ಕೆಲ್ಲ ನಾವೇನು ಮಾಡಲಾದೀತೆಂದು ಕೇಳುವವರು ಹಾಲಂಡ ದೇಶದ ಒಂದು ಸಂಗತಿಯನ್ನು ತಿಳಿಯಬೇಕು. ಅಲ್ಲಿನ ಆಮಸ್ಟರಡಾಂ ನಗರದ ಬಳಿ ನಾರ್ಡರಮೇರ ಎಂಬ ಕೆರೆಯಿದೆ. ೧೯೦೪ರಲ್ಲಿ ನಗರಸಭೆಯವರು ಊರಿನ ಕಸವನ್ನೆಲ್ಲ ಈ ಕೆರೆಗೆ ಸುರಿಯುವ ಯೋಜನೆಯನ್ನು ಮುಂದಿಟ್ಟರು. ಯಾಕ್ ಪಿ. ತೈಸ್ಸೆ ಎಂಬ ಶಾಲಾಶಿಕ್ಷಕರು ಅದರ ವಿರುದ್ಧ ಲೇಖನಗಳನ್ನು ಬರೆದರು. ಯೋಜನೆ ಬಿದ್ದುಹೋಯಿತು. ೧೯೦೫ರಲ್ಲಿ ನಿಸರ್ಗಪ್ರೇಮಿಗಳು ಕೂಡಿ ಒಂದು ಸಂಸ್ಥೆಯನ್ನು ಕಟ್ಟಿದರು. ಮರುವರ್ಷ ಹಣ ಕೂಡಿಸಿ ಆ ಕೆರೆಯನ್ನೇ ಕೊಂಡರು. ಅಂದು ಉಳಿದ ಕೆರೆ ಇಂದಿಗೂ ಹಕ್ಕಿಗಳ ಬೀಡಾಗಿದೆ.

ತೈಸ್ಸೆಯವರು ಅಷ್ಟಕ್ಕೇ ನಿಲ್ಲಲಿಲ್ಲ. ಬಿಸ್ಕೀಟಿನ ಕಂಪನಿಯೊಂದು ತನ್ನ ಪೊಟ್ಟಣಗಳಲ್ಲಿ ಹೂ, ಹಕ್ಕಿ, ಕೆರೆಗಳ ಚಿತ್ರಗಳನ್ನಿಟ್ಟು ಮಾರುತ್ತಿತ್ತು. ಆ ಚಿತ್ರಗಳನ್ನು ಅಂಟಿಸುವ ಪುಸ್ತಕಗಳಿಗೆ ಇವರು ಸರಳವಾದ ಬರಹವನ್ನು ಒದಗಿಸಿದರು. ಮನೆಮನೆಗಳಲ್ಲಿ ತಾಯಿತಂದೆ ಮಕ್ಕಳು ಕೂಡಿ ಅವನ್ನು ಓದಿದರು. ಓದಿದ್ದನ್ನು ನೋಡಲು ಹೊರಬಿದ್ದರು. ನಮ್ಮಲ್ಲಿಯೂ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದುದೂ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಸಾಮಾನ್ಯ ಜನರಿಗೂ ತಿಳಿಯುವ ಪಕ್ಷಿಗ್ರಂಥವನ್ನು ೧೯೪೧ರಲ್ಲಿ ಹೊರತಂದುದೂ ಇದೇ ಬಗೆಯ ಸೇವೆ. ೧೯೭೧ರ ಫೆಬ್ರುವರಿ ೨ರಂದು ಇರಾಣದ ರಾಮಸರ ಎಂಬಲ್ಲಿ ನಾನಾ ರಾಷ್ಟ್ರಗಳು ಕೆರೆ, ಜೌಗುಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ಆ ದಿನವನ್ನು ಜಗತ್ತು ಜಲಭೂಮಿ ದಿನವಾಗಿ ಆಚರಿಸುತ್ತದೆ. ನಮ್ಮ ಸಹಲಿಗೂ ಅದು ಒಳ್ಳೆಯ ಮುಹೂರ್ತವೇ. ಚಳಿ ಇಳಿದಿರುತ್ತದೆ, ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ.

ಸಹಲಿನ ಕ್ರಮ

ಪಾಲಕ ಬಂಧುಗಳಿಗೆ ಕೆಲವು ಸೂಚನೆಗಳು. ಹಕ್ಕಿಗಳನ್ನು ನೋಡುವವರು ಸೂರ್ಯೋದಯಕ್ಕೆ ಕೆರೆಯ ದಂಡೆಯಲ್ಲಿರಬೇಕು; ಬಿಸಿಲೇರಿದ ಮೇಲೆ ಅವು ದೂರ ಸರಿಯುತ್ತವೆ. ಉಡುಪು ಮಾಸಲು ಬಣ್ಣದ್ದಾಗಿರಲಿ, ಮಾತು ಮೆಲ್ಲಗಿರಲಿ. ಸೂರ್ಯನು ಬೆನ್ನ ಹಿಂದಿರುವಂತೆ ನಿಂತರೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಪ್ರತಿ ಮಗುವಿನ ಕೈಯಲ್ಲಿ ಒಂದು ವಹಿಯೂ ಸೀಸದ ಕಡ್ಡಿಯೂ ಇರಲಿ. ಕಂಡ ಹಕ್ಕಿಯ ಗಾತ್ರ, ಕೊಕ್ಕು, ಕಾಲು, ನಡಿಗೆ ಇವನ್ನು ಮೊದಲು ಬರೆಯಲಿ. ಹೆಸರನ್ನು ಆಮೇಲೆ ಹುಡುಕಬಹುದು. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಬಿಚ್ಚಿ ಉಂಡು, ಸಂಜೆಯ ತಂಪಿನಲ್ಲಿ ಕೋಟೆಯನ್ನೂ ಗುಡಿಯನ್ನೂ ನೋಡಬಹುದು. ಚಿಕ್ಕ ಮಕ್ಕಳನ್ನು ನೀರಿನ ಅಂಚಿಗೆ ಒಂಟಿಯಾಗಿ ಬಿಡಬಾರದು. ಕೆರೆಯ ಹೂಳು ಮೇಲೆ ಗಟ್ಟಿಯಾಗಿ ಕಂಡರೂ ಕಾಲನ್ನು ಒಳಕ್ಕೆ ಸೆಳೆಯುತ್ತದೆ. ಬುತ್ತಿಯ ಕಾಗದ, ಪ್ಲಾಸ್ಟಿಕ ಚೀಲಗಳು ತಂದವರೊಡನೆಯೇ ಮನೆಗೆ ಮರಳಬೇಕು.

ದೂರ ಹೋಗಲು ಅನುಕೂಲವಿಲ್ಲದವರು ಚಿಂತಿಸಬೇಕಾಗಿಲ್ಲ. ಬೋರಿ ಹೊಳೆಗೆ ಕಟ್ಟಿದ ಕುರನೂರಿನ ಜಲಾಶಯ ನಮ್ಮ ಅಕ್ಕಲಕೋಟ ತಾಲೂಕಿನಲ್ಲಿಯೇ ಇದೆ. ಅದೂ ಆಗದಿದ್ದರೆ ಊರ ಹಳ್ಳದ ದಂಡೆ ಸಾಕು. ಸಂಜೆ ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿರಿ: ೧೯೭೨ರ ಬರದಲ್ಲಿ ಯಾವ ಬಾವಿ ಬತ್ತಿತು, ಯಾವುದು ಉಳಿಯಿತು? ಬರಗಾಲದ ಕಾಮಗಾರಿಯಲ್ಲಿ ಯಾರು ಕಲ್ಲು ಒಡೆದರು, ಯಾವ ಒಡ್ಡು ಆಗ ಎದ್ದಿತು? ಈ ಹಕ್ಕಿಗೆ, ಈ ಗಿಡಕ್ಕೆ ನಮ್ಮ ಮನೆಮಾತಿನಲ್ಲಿ ಏನೆನ್ನುತ್ತಾರೆ? ಬಂದ ಉತ್ತರಗಳನ್ನು ಅದೇ ವಹಿಯಲ್ಲಿ ಬರೆದಿಡಿರಿ. ಮರಾಠಿಯ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಎರಡು ಭಾಷೆಗಳನ್ನು ಬಲ್ಲವನಿಗೆ ಒಂದೇ ಹಕ್ಕಿ ಎರಡು ಸಲ ದೊರೆತಂತೆ. ಆದರೆ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ಹೆಸರು ಅಜ್ಜಿಯೊಡನೆಯೇ ಹೋಗಿಬಿಟ್ಟರೆ ಅದನ್ನು ಯಾವ ನಿಘಂಟೂ ಮರಳಿ ಕೊಡಲಾರದು.

ಋಣವನ್ನು ತೀರಿಸುವ ಬಗೆ

ಕೆರೆಗಳಿಗೆ ಇಂದು ಶತ್ರುಗಳು ಕೋಟೆಯ ಆಚೆಯಿಂದ ಬರುವುದಿಲ್ಲ. ಮೇಲ್ಗಡೆಯ ಹೊಲಗಳಿಂದ ಕೊಚ್ಚಿ ಬಂದ ಹೂಳು ಕೆರೆಯ ಹೊಟ್ಟೆಯನ್ನು ತುಂಬುತ್ತದೆ. ಊರಿನ ಗಟಾರದ ನೀರು, ಬಟ್ಟೆಯ ಸಾಬೂನು, ಹೂವು ಹಾರಗಳ ನಿರ್ಮಾಲ್ಯ, ಬಣ್ಣದ ಮೂರ್ತಿಗಳು ನೀರಿಗೆ ಬಿದ್ದಾಗ ಪಾಚಿ ಮಿತಿಮೀರಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಆಗ ಮೀನುಗಳು ಉಸಿರುಕಟ್ಟಿ ಸಾಯುತ್ತವೆ, ಮೀನಿಲ್ಲದ ನೀರಿಗೆ ಹಕ್ಕಿಯೂ ಬರುವುದಿಲ್ಲ. ಭಕ್ತಿಯಿಂದ ಹಾಕಿದ ಹೂವೇ ಕೆರೆಗೆ ವಿಷವಾಗುವುದಾದರೆ, ಆ ಹೂವನ್ನು ಗಿಡದ ಬುಡಕ್ಕೆ ಹಾಕುವುದೇ ಮೇಲಾದ ಪೂಜೆ. ಕೆರೆ ತೋಡಿದ ಶರಣನು ಇದಕ್ಕೆ ಬೇಸರಪಡುತ್ತಿರಲಿಲ್ಲ.

ವಿದ್ಯಾರ್ಥಿ ಮಿತ್ರರೆ, ಸೊನ್ನಲಿಗೆಯ ಕೆರೆಯನ್ನು ಒಬ್ಬನೇ ತೋಡಲಿಲ್ಲ. ಹೆಸರು ಉಳಿದುದು ಸಿದ್ಧರಾಮನದು. ಆದರೆ ಮಣ್ಣು ಹೊತ್ತವರು ಸಾವಿರಾರು ಮಂದಿ, ಒಬ್ಬೊಬ್ಬರು ಒಂದೊಂದು ಬುಟ್ಟಿ. ಇಂದು ನಿಮ್ಮ ಪಾಲಿಗೆ ಬಂದಿರುವ ಬುಟ್ಟಿ ಬಹಳ ಹಗುರವಾದುದು. ವರ್ಷಕ್ಕೊಮ್ಮೆ ಕೆರೆಯ ದಂಡೆಗೆ ಹೋಗಿ ನೋಡುವುದು, ನೋಡಿದ್ದನ್ನು ಕನ್ನಡದಲ್ಲಿ ಬರೆಯುವುದು, ನೀರಿಗೆ ಕಸ ಹಾಕದಿರುವುದು, ಹಾಕುವವರನ್ನು ವಿನಯದಿಂದ ತಡೆಯುವುದು—ಇಷ್ಟೇ. ಇಷ್ಟನ್ನು ಮಾಡಿದರೆ ಹಿಮಾಲಯ ದಾಟಿ ಬರುವ ಹೆಬ್ಬಾತಿಗೆ ಇಳಿಯಲು ನೀರಿರುತ್ತದೆ, ನಮ್ಮ ಬಾವಿಗಳಲ್ಲಿ ಸೆಲೆಯಿರುತ್ತದೆ, ನಿಮ್ಮ ಮಕ್ಕಳಿಗೂ ಹೇಳಲು ಒಂದು ಕಥೆಯಿರುತ್ತದೆ.